ಅರಳು ಮರಳು ಅಂದು ಸುಮ್ಮನಾಗುವ ಮುಂಚೆ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ಎಷ್ಟು ಜನರ ಚಿಕಿತ್ಸೆಯನ್ನು ತಡಮಾಡಿದೆಯೋ ಲೆಕ್ಕವಿಲ್ಲ. ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆತರೆ ವಯಸ್ಸು ಅನ್ನುತ್ತೇವೆ. ಅಪ್ಪ ನಲವತ್ತು ವರ್ಷ ಓಡಾಡಿದ ಸಂತೆಯಲ್ಲಿ ದಾರಿ ತಪ್ಪಿದರೂ ವಯಸ್ಸು ಅನ್ನುತ್ತೇವೆ. ಕೊನೆಗೊಂದು ರಾತ್ರಿ ಟಾರ್ಚ್ ಹಿಡಿದು ಕಾಫಿ ತೋಟವೆಲ್ಲ ಹುಡುಕುವಂತಾದಾಗ ಆಸ್ಪತ್ರೆ ನೆನಪಾಗುತ್ತದೆ. ಆಮೇಲೆ ಗಾಬರಿಯಲ್ಲಿ ಮಾಡುವ ತಪ್ಪು ಇನ್ನೊಂದು: ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಬೆಂಗಳೂರು ಬಸ್ ಹತ್ತುವುದು. ಅಲ್ಲಿ ಕೇಳುವ ಮೊದಲ ಪ್ರಶ್ನೆಗಳಿಗೇ ಉತ್ತರವಿಲ್ಲದೆ, ರಕ್ತಪರೀಕ್ಷೆ ಬರೆಸಿಕೊಂಡು ವಾಪಸ್ ಬರುತ್ತಾರೆ. ಮೆದುಳು ನಿಧಾನವಾಗಿ ಸವೆದು ನೆನಪು ಅಳಿಯುವ ಕಾಯಿಲೆಯಾದ ಅಲ್ಝೈಮರ್‌ಗೆ ಸಂಬಂಧಿಸಿದ ಮುಕ್ಕಾಲು ಕೆಲಸ ಹಾಸನ, ಚಿಕ್ಕಮಗಳೂರಿನಲ್ಲೇ ಆಗುತ್ತದೆ. ಉಳಿದದ್ದಕ್ಕೆ ಬೆಂಗಳೂರಿಗೆ ಹೋಗಬೇಕು, ಆದರೆ ಸಿದ್ಧವಾಗಿ ಹೋಗಬೇಕು.

ಯಾವ ಮರೆವಿಗೆ ಹೆದರಬೇಕು

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಎಲ್ಲರಿಗೂ ಇದ್ದದ್ದೇ. ನಿನ್ನೆ ಮದುವೆಗೆ ಹೋಗಿ ಬಂದದ್ದೇ ನೆನಪಿಲ್ಲದಿರುವುದು, ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ಐದು ಸಲ ಕೇಳುವುದು, ಕೂಲಿ ಬಟವಾಡೆಯ ಲೆಕ್ಕ ತಪ್ಪುವುದು, ಸಾರಿಗೆ ಏನಾದ ಮೇಲೆ ಏನು ಹಾಕಬೇಕೆಂಬ ಕ್ರಮ ಕೈಬಿಟ್ಟುಹೋಗುವುದು, ಗೊತ್ತಿರುವ ಪದ ಸಿಗದೆ "ಅದು, ಅದು" ಎನ್ನುವುದು: ಇವು ಆರು ತಿಂಗಳಲ್ಲಿ ನಿಧಾನವಾಗಿ ಹೆಚ್ಚುತ್ತಿದ್ದರೆ ತೋರಿಸಲೇಬೇಕು.

ನಿಧಾನವಾಗಿ ಎಂಬ ಮಾತು ಇಲ್ಲಿ ಮುಖ್ಯ. ಸೋಮವಾರ ಚೆನ್ನಾಗಿದ್ದವರು ಬುಧವಾರ ಮಕ್ಕಳನ್ನೇ ಗುರುತಿಸದೆ, ಮಂಪರಿನಲ್ಲಿ ಏನೇನೋ ಬಡಬಡಿಸುತ್ತಿದ್ದರೆ ಅದು ಅಲ್ಝೈಮರ್ ಅಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಸಕ್ಕರೆ ಏರುಪೇರು, ತಲೆಯೊಳಗೆ ರಕ್ತಸ್ರಾವ, ಹೊಸ ಮಾತ್ರೆ, ಇದರಲ್ಲಿ ಯಾವುದೋ ಒಂದಿರುತ್ತದೆ. ಅದೇ ದಿನ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಈಗಾಗಲೇ ಅಲ್ಝೈಮರ್ ಇರುವವರಿಗೂ ಇದೇ ಮಾತು. "ಕಾಯಿಲೆ ಜಾಸ್ತಿಯಾಯಿತು" ಎಂದು ಮನೆಯಲ್ಲಿಟ್ಟುಕೊಂಡರೆ ವಾಸಿಯಾಗುವ ಸೋಂಕೇ ಪ್ರಾಣಕ್ಕೆ ಬರುತ್ತದೆ.

ಮೊದಲು ಒಂದು ನೋಟ್‌ಬುಕ್ಕು

ವೈದ್ಯರಿಗೆ ಸಿಗುವುದು ಹತ್ತೋ ಹದಿನೈದೋ ನಿಮಿಷ. ಆ ಹೊತ್ತಿನಲ್ಲಿ ಹಿರಿಯರು ಬಹಳ ಚೆನ್ನಾಗಿ ಮಾತಾಡುತ್ತಾರೆ. "ನನಗೇನಾಗಿದೆ, ಇವರಿಗೇ ಮರೆವು" ಅನ್ನುತ್ತಾರೆ. ಆದ್ದರಿಂದ ಎರಡು ವಾರ ಮುಂಚೆಯೇ ಬರೆಯಲು ಶುರು ಮಾಡಿ. ಮೊದಲ ಬದಲಾವಣೆ ಯಾವಾಗ ಕಂಡಿತು, ಅದು ಮರೆವೋ, ನಡಿಗೆಯೋ, ಸ್ವಭಾವವೋ, ಇಲ್ಲದ್ದು ಕಾಣುತ್ತದೆಯೇ, ನಿದ್ದೆಯಲ್ಲಿ ಕೈಕಾಲು ಬೀಸುತ್ತಾರೆಯೇ, ಬಿದ್ದು ತಲೆಗೆ ಪೆಟ್ಟಾಗಿತ್ತೇ, ಕುಡಿತ ಇದೆಯೇ, ಎಷ್ಟು, ಸ್ನಾನ, ಬಟ್ಟೆ, ಊಟ, ದುಡ್ಡಿನ ವ್ಯವಹಾರದಲ್ಲಿ ಯಾವುದಕ್ಕೆ ಸಹಾಯ ಬೇಕು. ಮೊದಲು ಬದಲಾದದ್ದು ಯಾವುದು ಎಂಬುದರ ಮೇಲೆಯೇ ಕಾಯಿಲೆಯ ಹೆಸರು ಬದಲಾಗಬಹುದು. ನಡಿಗೆ ಮೊದಲು ಕೆಟ್ಟು, ಮೂತ್ರ ತಡೆಯಲಾಗದೆ, ಆಮೇಲೆ ಮರೆವು ಬಂದಿದ್ದರೆ ಮೆದುಳಿನಲ್ಲಿ ನೀರು ತುಂಬಿಕೊಳ್ಳುವ ತೊಂದರೆ ಇರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಇದೆ.

ಜೊತೆಗೊಂದು ಚೀಲ ಇಟ್ಟುಕೊಳ್ಳಿ. ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿಗಳು ಅದರೊಳಗೆ ಹೋಗಲಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನಿದ್ದೆ ಮಾತ್ರೆ, ಶೀತ-ಕೆಮ್ಮಿನ ಸಿರಪ್, ನಾಟಿ ಔಷಧ ಕೂಡ. ಮರೆವನ್ನು ಹೆಚ್ಚಿಸುವ ಔಷಧಗಳು ಬಹಳ ಇವೆ: ಆಲ್ಪ್ರಜೋಲಾಮ್, ಡಯಜೆಪಾಮ್‌ನಂಥ ನಿದ್ದೆ ಮಾತ್ರೆ, ಖಿನ್ನತೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಕೈನಡುಕ, ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ನಿದ್ದೆ ಬರಿಸುವ ಅಲರ್ಜಿ ಮಾತ್ರೆ. ಇವನ್ನು ನೀವಾಗಿಯೇ ನಿಲ್ಲಿಸಬೇಡಿ. ವರ್ಷಗಟ್ಟಲೆ ತೆಗೆದುಕೊಂಡ ನಿದ್ದೆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು.

ಮೊದಲ ಬಾಗಿಲು

ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಖಚಿತ ಮಾಡಿಕೊಂಡು ಹೋಗಿ. ಮನೋವೈದ್ಯರು ಅಂದಕೂಡಲೇ "ನಮ್ಮಪ್ಪನಿಗೆ ಹುಚ್ಚಲ್ಲ" ಎಂದು ಹಿಂಜರಿಯುವವರಿದ್ದಾರೆ. ಮರೆವಿನ ಕಾಯಿಲೆಯನ್ನು ನೋಡುವುದು ನರರೋಗ ತಜ್ಞರು, ಮನೋವೈದ್ಯರು ಇಬ್ಬರೂ. ಜಿಲ್ಲಾ ಮಟ್ಟದಲ್ಲಿ ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಹಿಮ್ಸ್‌ಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇವೆ. ಬೆಂಗಳೂರಿನ ಮೆದುಳು, ಮನೋರೋಗದ ಆಸ್ಪತ್ರೆ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ನಡೆಸುವ ಮೆದುಳು ಆರೋಗ್ಯ ಕಾರ್ಯಕ್ರಮವು ಪಾರ್ಶ್ವವಾಯು, ಮೂರ್ಛೆ, ತಲೆನೋವಿನ ಜೊತೆ ಮರೆವಿನ ಕಾಯಿಲೆಯನ್ನೂ ನೋಡಿಕೊಳ್ಳುತ್ತದೆ. ಚೀಟಿ ಮಾಡಿಸುವಾಗಲೇ "ಮೆದುಳು ಆರೋಗ್ಯ ಕ್ಲಿನಿಕ್ ಯಾವ ದಿನ, ಯಾವ ಕೊಠಡಿ" ಎಂದು ಕೇಳಿ.

ಮೊದಲ ಭೇಟಿಯಲ್ಲಿ ಆಗಬೇಕಾದ ರಕ್ತಪರೀಕ್ಷೆಗಳು ದುಬಾರಿಯವೇನಲ್ಲ: ಹಿಮೋಗ್ಲೋಬಿನ್ ಸೇರಿದ ಪೂರ್ಣ ರಕ್ತಪರೀಕ್ಷೆ, ಸಕ್ಕರೆ, ಕಿಡ್ನಿ, ಲಿವರ್, ಸೋಡಿಯಂ, ಕ್ಯಾಲ್ಸಿಯಂ, ಥೈರಾಯ್ಡ್‌ನ ಟಿಎಸ್ಎಚ್, ವಿಟಮಿನ್ ಬಿ12. ಅಗತ್ಯ ಕಂಡರೆ ಎಚ್ಐವಿ, ಸಿಫಿಲಿಸ್ ಪರೀಕ್ಷೆ. ಇದಕ್ಕೆ ಮುಜುಗರಪಡಬೇಡಿ, ಪದ್ಧತಿಯ ಭಾಗ ಅದು. ಬಿ12 ಕಡೆ ವಿಶೇಷ ಗಮನ ಇರಲಿ. ಅಪ್ಪಟ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್‌ನ ಪ್ಯಾಂಟೊಪ್ರಜೋಲ್ ತೆಗೆದುಕೊಂಡವರಲ್ಲಿ ಅದು ಇಳಿದಿರಬಹುದು. ಬಿ12, ಥೈರಾಯ್ಡ್, ಖಿನ್ನತೆ ಈ ಮೂರರಿಂದ ಬಂದ ಮರೆವು ಚಿಕಿತ್ಸೆಗೆ ಬಗ್ಗುತ್ತದೆ. ಮೆದುಳಿನ ಎಂಆರ್‌ಐ ಸಾಧ್ಯವಾದರೆ ಒಳ್ಳೆಯದು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಆಗ ಸಾಮಾನ್ಯವಾಗಿ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಸ್ಕ್ಯಾನ್ ಒಂದರಿಂದಲೇ ಅಲ್ಝೈಮರ್ ಎಂದು ಹೇಳಲಾಗದು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿಲ್ಲ, ಗೆಡ್ಡೆಯಿಲ್ಲ ಎಂದು ಖಚಿತಪಡಿಸಿಕೊಳ್ಳಲು, ನೆನಪಿಗೆ ಆಧಾರವಾದ ಭಾಗ ಎಷ್ಟು ಕುಗ್ಗಿದೆ ಎಂದು ನೋಡಲು ಅದು ಬೇಕು.

ಜ್ಞಾಪಕಶಕ್ತಿ ಪರೀಕ್ಷೆ ಮನೆಮಾತಿನಲ್ಲಿ ಆಗಬೇಕು. ಕೊಪ್ಪ, ಶೃಂಗೇರಿ ಕಡೆಯ ತುಳು, ಕೊಂಕಣಿ ಮನೆಗಳ ಅಜ್ಜಿಯರು, ಎಸ್ಟೇಟ್ ಲೈನಿನ ತಮಿಳು ಮಾತಿನ ಹಿರಿಯರು ಗ್ರಂಥದ ಕನ್ನಡದ ಪ್ರಶ್ನೆಗೆ ಉತ್ತರಿಸದಿದ್ದರೆ ಅದು ಕಾಯಿಲೆಯ ಲಕ್ಷಣವಲ್ಲ. 30 ಅಂಕದ ಸಾಮಾನ್ಯ ಪರೀಕ್ಷೆಯಲ್ಲಿ ಓದಿ, ಬರೆದು, ಚಿತ್ರ ಬಿಡಿಸುವ ಭಾಗಗಳಿವೆ. ಶಾಲೆಯ ಮೆಟ್ಟಿಲು ಹತ್ತದವರಿಗೆ ಅಲ್ಲೇ ಅಂಕ ಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಮಾಲೆ ಕನ್ನಡದಲ್ಲೂ ಇದೆ. ಎಷ್ಟು ಓದಿದ್ದಾರೆ, ಯಾವ ಕೆಲಸ ಮಾಡುತ್ತಿದ್ದರು ಎಂದು ಮೊದಲೇ ಹೇಳಿ. ಕಿವಿ ಮಂದವಿದ್ದರೆ ಅದನ್ನೂ ಹೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಶ್ರವಣ ಪರೀಕ್ಷೆ ಮಾಡಿಸಿಕೊಂಡು ಬಂದರೆ ಒಂದು ದಿನದ ಕೆಲಸ. ಕೇಳಿಸದ ಮಾತನ್ನು ಮರೆತ ಮಾತು ಎಂದು ತಿಳಿಯುವ ತಪ್ಪು ಅಲ್ಲಿಗೆ ತಪ್ಪುತ್ತದೆ.

ಬೆಂಗಳೂರಿಗೆ ಯಾವಾಗ

ವಯಸ್ಸು 65ಕ್ಕಿಂತ ಕಡಿಮೆ ಇದ್ದರೆ, ಕೆಲವೇ ತಿಂಗಳಲ್ಲಿ ಕಾಯಿಲೆ ಓಡುತ್ತಿದ್ದರೆ, ನೆನಪಿಗಿಂತ ಮೊದಲು ಸ್ವಭಾವ ಅಥವಾ ಮಾತು ಕೆಟ್ಟಿದ್ದರೆ, ಕೈಕಾಲು ಬಿಗಿತ, ಭ್ರಮೆ ಇದ್ದರೆ, ಅಥವಾ ಇಲ್ಲಿನ ವೈದ್ಯರಿಗೇ ಅನುಮಾನವಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವುದು ಸರಿ. ಶಿಫಾರಸು ಪತ್ರ, ಎಲ್ಲ ವರದಿ, ಸ್ಕ್ಯಾನಿನ ಫಿಲ್ಮ್ ಜೊತೆಗೆ ಸಿ.ಡಿ., ಆಧಾರ್, ರೇಷನ್ ಕಾರ್ಡಿನ ಮೂಲಪ್ರತಿ ಜೊತೆಗಿರಲಿ. ಬಿಪಿಎಲ್ ಕಾರ್ಡಿಗೆ ಶುಲ್ಕ ರಿಯಾಯಿತಿ ಇದೆ. ಹೊಸಬರ ನೋಂದಣಿ ಬೆಳಗಿನ ಹೊತ್ತು ಆಗುವುದರಿಂದ ಹಿಂದಿನ ದಿನವೇ ಹೋಗಿ ಉಳಿಯಿರಿ. ರಾತ್ರಿ ಬಸ್ಸಿನಲ್ಲಿ ಕುಲುಕಿಸಿಕೊಂಡು, ನಿದ್ದೆಗೆಟ್ಟು ಬಂದ ಹಿರಿಯರನ್ನು ಪರೀಕ್ಷೆಗೆ ಕೂರಿಸಿದರೆ ಇದ್ದದ್ದಕ್ಕಿಂತ ಕಡಿಮೆ ಅಂಕ ಬರುತ್ತದೆ. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಹೋಗುವ ರೈಲು ಬಸ್ಸಿಗಿಂತ ಅನುಕೂಲ, ಶೌಚಾಲಯ ಇರುತ್ತದೆ. ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ, ಆದರೆ ರಾಜಹಂಸ, ಐರಾವತಕ್ಕೆ ಅದು ಸಲ್ಲದು. ಜೊತೆಯಲ್ಲಿ ಇಬ್ಬರು ಹೋಗಿ. ಒಬ್ಬರು ಸರದಿಯಲ್ಲಿ ನಿಂತರೆ ಇನ್ನೊಬ್ಬರು ಹಿರಿಯರ ಕೈ ಬಿಡದೆ ಕೂರಬೇಕು.

ಒಮ್ಮೆ ಕಾಯಿಲೆ ತೀರ್ಮಾನವಾದ ಮೇಲೆ ಮೂರು ತಿಂಗಳಿಗೊಮ್ಮೆ ಅಲ್ಲಿಗೇ ಓಡಬೇಕಾಗಿಲ್ಲ. "ಮುಂದಿನ ತಪಾಸಣೆ ನಮ್ಮ ಜಿಲ್ಲೆಯಲ್ಲೇ ಆಗುವಂತೆ ಬರೆದುಕೊಡಿ" ಎಂದು ಕೇಳಿ ಪಡೆಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ಶುಲ್ಕವಿಲ್ಲ. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಕುಟುಂಬದವರಿಗೆ ತರಬೇತಿ, ಮಾಹಿತಿ ಬೇಕಿದ್ದರೆ ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ಮರೆವಿನ ಕಾಯಿಲೆಯವರಿಗಾಗಿ ದುಡಿಯುವ ಸಂಘವಾದ ಎಆರ್‌ಡಿಎಸ್‌ಐನ ಬೆಂಗಳೂರು ಶಾಖೆ ಇವೆ.

ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಅಲ್ಝೈಮರ್ ಅನ್ನು ವಾಸಿಮಾಡುವ ಔಷಧ ಇಲ್ಲ. ಇದನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಕೇಳಿಸಿಕೊಳ್ಳಬೇಕು, ಇಲ್ಲವಾದರೆ ಹೋದ ನೆನಪು ವಾಪಸ್ ತರುತ್ತೇವೆ ಎನ್ನುವ ಜಾಹೀರಾತಿಗೆ ಒಂದು ವರ್ಷದ ಕಾಫಿ ದುಡ್ಡು ಹೋಗುತ್ತದೆ. ಇರುವ ಮಾತ್ರೆಗಳು ಕೆಲವರಲ್ಲಿ ಗಮನ, ದಿನದ ಕೆಲಸ, ನಡವಳಿಕೆಯನ್ನು ಕೆಲಕಾಲ ಹಿಡಿದಿಡುತ್ತವೆ.

ಡೊನೆಪೆಜಿಲ್ ಅನ್ನು ಸಾಮಾನ್ಯವಾಗಿ ರಾತ್ರಿ 5 ಮಿಲಿಗ್ರಾಂನಿಂದ ಶುರು ಮಾಡಿ, ನಾಲ್ಕರಿಂದ ಆರು ವಾರದ ಮೇಲೆ 10ಕ್ಕೆ ಏರಿಸುತ್ತಾರೆ. ಕೆಟ್ಟ ಕನಸು ಬಿದ್ದು ಚೀರಿದರೆ ವೈದ್ಯರನ್ನು ಕೇಳಿ ಬೆಳಿಗ್ಗೆಗೆ ಬದಲಿಸಬಹುದು. ವಾಕರಿಕೆ, ಭೇದಿ, ಹಸಿವಿಲ್ಲದಿರುವುದು ಮೊದಲ ವಾರಗಳಲ್ಲಿ ಸಾಮಾನ್ಯ. ನಾಡಿ ನಿಧಾನವಾಗಿ ತಲೆಸುತ್ತಿ ಬೀಳುವುದು ಮಾತ್ರ ಅಪಾಯ. ಮೊದಲೇ ಇಸಿಜಿ ಮಾಡಿಸಿ ಎನ್ನುವುದು ಇದಕ್ಕೇ. ರಿವಾಸ್ಟಿಗ್ಮಿನ್ ಕ್ಯಾಪ್ಸೂಲನ್ನು ಊಟದ ಜೊತೆಗೇ ಕೊಡಬೇಕು. ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣದಲ್ಲೇ ಮುಂದುವರಿಸಬೇಡಿ, ವಿಪರೀತ ವಾಂತಿಯಾಗುತ್ತದೆ. ವೈದ್ಯರು ಮತ್ತೆ ಕಡಿಮೆ ಪ್ರಮಾಣದಿಂದ ಶುರು ಮಾಡಿಸುತ್ತಾರೆ. ಇದರದ್ದೇ ಪ್ಯಾಚ್ ಇದೆ, 24 ಗಂಟೆಗೆ ಒಂದು. ಅದರಲ್ಲಿ ಆಗುವ ದೊಡ್ಡ ತಪ್ಪು ಹಳೆಯದನ್ನು ಕೀಳದೆ ಹೊಸದನ್ನು ಅಂಟಿಸುವುದು. ಮೈಮೇಲೆ ಎರಡು ಮೂರು ಉಳಿದರೆ ಔಷಧ ವಿಷದಂತಾಗುತ್ತದೆ. ಕೈಗೆ ಸಿಗದ ಹಾಗೆ ಬೆನ್ನಿಗೆ ಅಂಟಿಸಿ, ದಿನವೂ ಜಾಗ ಬದಲಿಸಿ, ಕಿತ್ತದ್ದನ್ನು ಮಡಚಿ ಮಕ್ಕಳಿಗೆ ಸಿಗದಂತೆ ಬಿಸಾಡಿ. ಮೆಮಾಂಟಿನ್ ನಡುಹಂತ ದಾಟಿದವರಿಗೆ. 5 ಮಿಲಿಗ್ರಾಂನಿಂದ ವಾರಕ್ಕೆ 5ರಂತೆ ಏರಿಸಿ ದಿನಕ್ಕೆ 20ಕ್ಕೆ ನಿಲ್ಲಿಸುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಕಡಿಮೆ.

ಲೆಕಾನೆಮಾಬ್, ಡೊನಾನೆಮಾಬ್ ಎಂಬ ಹೊಸ ಚುಚ್ಚುಮದ್ದುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಮೆರಿಕದಲ್ಲಿ 2023, 2024ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಅವು ಆರಂಭದ ಹಂತಕ್ಕೆ ಮಾತ್ರ, ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಶೇಖರವಾಗಿದೆಯೆಂದು ವಿಶೇಷ ಪರೀಕ್ಷೆಯಿಂದ ತೋರಿಸಿದ ಮೇಲೆ, ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಡ್ರಿಪ್ ಮೂಲಕ. ಮೆದುಳು ಊದಿಕೊಳ್ಳುವ, ರಕ್ತ ಒಸರುವ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಕಾಯಿಲೆಯ ಓಟ ಸ್ವಲ್ಪ ತಗ್ಗುತ್ತದೆ ಅಷ್ಟೇ. ನಡುಹಂತ ದಾಟಿದವರಿಗಾಗಿ ಜಮೀನು ಮಾರಲು ಹೊರಡಬೇಡಿ.

ಖರ್ಚು ಇಳಿಸಲು ಜನೌಷಧಿ ಕೇಂದ್ರದಲ್ಲಿ ಕೇಳಿ; ಔಷಧದ ಮೂಲಹೆಸರನ್ನೇ ಚೀಟಿಯಲ್ಲಿ ಬರೆಸಿಕೊಳ್ಳಿ. ಮಲೆನಾಡಿನವರು ಮೇ ಕೊನೆಗೇ 45 ದಿನದ ಮಾತ್ರೆ ತಂದಿಟ್ಟುಕೊಳ್ಳುವುದು ಒಳ್ಳೆಯದು. ಜುಲೈ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿದ ವಾರದಲ್ಲೇ ಮಾತ್ರೆ ತೀರುತ್ತದೆ.

ಮಾತ್ರೆಯಲ್ಲದ ಚಿಕಿತ್ಸೆ

ಮೆದುಳಿಗೆ ಚುರುಕು ಕೊಡುವ ಗುಂಪು ಚಿಕಿತ್ಸೆಯೊಂದು ಜಗತ್ತಿನ ಹಲವೆಡೆ ಬಳಕೆಯಲ್ಲಿದೆ: ವಾರಕ್ಕೆ ಎರಡು ಸಲ, 45 ನಿಮಿಷ, ಏಳು ವಾರ, ಒಟ್ಟು 14 ಕೂಟ. ಹಾಡು, ಆಹಾರ, ಬಾಲ್ಯ, ದುಡ್ಡು, ಹೀಗೆ ಒಂದೊಂದು ದಿನ ಒಂದೊಂದು ವಿಷಯ. ಇದು ಹಗುರದಿಂದ ನಡುಹಂತದವರಿಗೆ. ಅಂಥ ಗುಂಪು ಹತ್ತಿರದಲ್ಲಿ ಇಲ್ಲದಿದ್ದರೂ ಮನೆಯಲ್ಲೇ ಇದೇ ಅಚ್ಚಿನಲ್ಲಿ ನಡೆಸಬಹುದು. ನಿಯಮ ಒಂದೇ: ಪರೀಕ್ಷೆ ಮಾಡಬಾರದು. "ಇವನು ಯಾರು ಹೇಳು ನೋಡೋಣ" ಎಂದರೆ ಸೋಲಿಸಿದಂತೆ. "ಗೊರೂರು ಡ್ಯಾಮ್ ಕಟ್ಟುವಾಗ ನೀರು ಎಲ್ಲಿಗೆ ಬಂದಿತ್ತಂತೆ?" ಎಂದರೆ ಗಂಟೆಗಟ್ಟಲೆ ಮಾತು ಬರುತ್ತದೆ. ಸೇರು, ಪಾವು, ಹಳೆಯ ನಾಣ್ಯ, ಮದುವೆಯ ಫೋಟೊ ಕೈಗೆ ಕೊಡಿ. ಭಜನೆಗೆ ಹೋಗುತ್ತಿದ್ದವರು ಈಗಲೂ ಹೋಗಲಿ. ಮಾತು ಮರೆತವರ ಬಾಯಲ್ಲೂ ಹಾಡಿನ ಸಾಲು ಉಳಿದಿರುತ್ತದೆ.

ಕೈಕೆಲಸ ಇದಕ್ಕಿಂತ ದೊಡ್ಡ ಔಷಧ. ಅವರೆಕಾಯಿ ಕಾಲದಲ್ಲಿ ಕಾಳು ಬಿಡಿಸುವುದು, ಹಿತುಕುವುದು, ಹೂವು ಕಟ್ಟುವುದು, ಒಗೆದ ಬಟ್ಟೆ ಮಡಚುವುದು, ಕಾಫಿ ಬೀಜದಲ್ಲಿ ಕರಿ ಬೀಜ ಆರಿಸುವುದು. ಒಂದು ಸಲಕ್ಕೆ 20 ನಿಮಿಷ ಸಾಕು. ತಪ್ಪಾಗಿ ಆರಿಸಿದರೆ ಎದುರಿಗೇ ಮತ್ತೆ ಆರಿಸಬೇಡಿ, ಆಮೇಲೆ ಮಾಡಿಕೊಳ್ಳಿ. ದಿನಕ್ಕೆ ಅರ್ಧ ಗಂಟೆ ನಡಿಗೆ, ಬೆಳಗಿನ ಬಿಸಿಲಿನಲ್ಲಿ, ಜೊತೆಗಾರರ ಸಮೇತ.

ಕಾಯಿಲೆ ಮುಂದುವರಿದಾಗ ನುಂಗುವುದು ಕಷ್ಟವಾಗುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣ ಕಡೆ ಮುದ್ದೆಯಿಲ್ಲದೆ ಊಟವಾಗದು, ಆದರೆ ಅಗಿಯದೆ ನುಂಗುವ ತುತ್ತು ಈ ಹಂತದಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಾಫಿ, ಮಜ್ಜಿಗೆಯಂಥ ತೆಳುವಾದದ್ದು ಶ್ವಾಸನಾಳಕ್ಕೆ ಇಳಿದು ಕೆಮ್ಮು ಬರಿಸುತ್ತದೆ. ಊಟ ಮಾಡುವಾಗ ಕೆಮ್ಮು, ಊಟವಾದ ಮೇಲೆ ಗೊರಗೊರ ದನಿ ಕಂಡರೆ ವಾಕ್ ಚಿಕಿತ್ಸಕರಿಗೆ ತೋರಿಸಿ. ಅಲ್ಲಿಯವರೆಗೆ ಗಟ್ಟಿ ಅಂಬಲಿ, ಮೆತ್ತಗೆ ಕಲಸಿದ ಅನ್ನ, ನೆಟ್ಟಗೆ ಕೂರಿಸಿ ಸಣ್ಣ ಚಮಚದಲ್ಲಿ. ಊಟದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಅಡಿಕೆ ಚೂರು ನಿಲ್ಲಿಸಿ, ಬೇಕೇ ಬೇಕೆಂದರೆ ಎಲೆ ಸುಣ್ಣ ಕುಟ್ಟಿ ಕೊಡಿ.

ಮನೆ, ತೋಟ, ಹೊರಟುಹೋಗುವುದು

ಬೇರೆ ಊರಿನ ಸಲಹಾಪಟ್ಟಿಗಳಲ್ಲಿ ಇರದ ಅಪಾಯಗಳು ಇಲ್ಲಿವೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಮುಸ್ಸಂಜೆ ಮತ್ತು ಬೆಳಗಿನ ಜಾವ ಆನೆ ರಸ್ತೆಗೆ ಬರುವ ಹೊತ್ತು. ಅಲ್ಝೈಮರ್ ಇರುವವರು ಕಸಿವಿಸಿಗೊಂಡು "ನಾನು ಮನೆಗೆ ಹೋಗಬೇಕು" ಎಂದು ಎದ್ದು ಹೊರಡುವುದೂ ಹೆಚ್ಚಾಗಿ ಆ ಮುಸ್ಸಂಜೆಗೇ. ನಾಲ್ಕು ಗಂಟೆಗೆ ತಿಂಡಿ, ಐದಕ್ಕೆ ಎಲ್ಲ ದೀಪ ಹಾಕಿ ಒಂದು ಕೆಲಸ ಕೈಗೆ ಕೊಟ್ಟರೆ ಆ ಹೊತ್ತು ದಾಟುತ್ತದೆ. "ಇದೇ ನಿಮ್ಮ ಮನೆ" ಎಂದು ವಾದ ಹೂಡಿದರೆ ಜಗಳವಾಗುತ್ತದೆ. "ಹೋಗೋಣ, ಕಾಫಿ ಕುಡಿದು ಹೊರಡೋಣ" ಎಂದರೆ ಅರ್ಧ ಗಂಟೆಯಲ್ಲಿ ಮರೆತಿರುತ್ತಾರೆ.

ಬಾಗಿಲಿನ ಚಿಲಕವನ್ನು ಕಣ್ಣಿಗೆ ಬೀಳದಷ್ಟು ಮೇಲೆ ಹಾಕಿಸಿ, ಒಂದು ಗಂಟೆ ಕಟ್ಟಿ. ಒಳಗೆ ಒಬ್ಬರನ್ನೇ ಬಿಟ್ಟು ಹೊರಗಿನಿಂದ ಬೀಗ ಹಾಕಬೇಡಿ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ, ಕಳೆನಾಶಕ, ಗೊಬ್ಬರ ಬೀಗದ ಕೋಣೆಗೆ ಹೋಗಲಿ, ನೀರಿನ ಬಾಟಲಿಗೆ ಸುರಿದಿಟ್ಟ ಔಷಧವಂತೂ ಇರಲೇಬಾರದು. ಕೋವಿ ಇದ್ದರೆ ತೋಟಾ ಸಮೇತ ಮನೆಯಿಂದಾಚೆ ಕಾನೂನಿನಂತೆ ಒಪ್ಪಿಸಿ. ಬಾವಿಗೆ ಜಾಲರಿ, ಬಚ್ಚಲ ಹಂಡೆಯ ಒಲೆಗೆ ತಡೆ, ಗ್ಯಾಸಿಗೆ ರೆಗ್ಯುಲೇಟರ್ ಆಫ್.

ಅಂಗಿಯ ಒಳಗೆ ಫೋನ್ ನಂಬರಿನ ಬಟ್ಟೆ ಹೊಲಿಯಿರಿ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ದರ್ಶನದ ಸರದಿಯಂಥ ಜನಜಾತ್ರೆಗೆ ಕರೆದೊಯ್ಯುವುದನ್ನು ಬಿಡುವುದೇ ವಾಸಿ. ಕಾಣೆಯಾದರೆ ಮೊದಲ ಹದಿನೈದು ನಿಮಿಷ ಮನೆ, ಹಿತ್ತಲು, ಬಾವಿ, ಹಳ್ಳ, ಹಳೆಯ ಮನೆಯ ದಾರಿ ಹುಡುಕಿ, ಸಿಗದಿದ್ದರೆ 112ಕ್ಕೆ ಫೋನ್ ಮಾಡಿ. 24 ಗಂಟೆ ಕಾಯಬೇಕೆಂಬ ನಿಯಮ ಇಲ್ಲ. ಕೂಗಿದರೆ ಅವರು ಓಗೊಡದಿರಬಹುದು, ಪೊದೆಯೊಳಗೆ ಸುಮ್ಮನೆ ಕೂತಿರಬಹುದು. ಕಣ್ಣಿನಿಂದಲೇ ಹುಡುಕಬೇಕು.

ರೇಗಾಟ, ಹೊಡೆತ, "ಸೊಸೆ ನನ್ನ ಒಡವೆ ಕದ್ದಳು" ಎಂಬ ಆರೋಪ ಶುರುವಾದಾಗ ಮೊದಲು ನೋವು, ಮಲಬದ್ಧತೆ, ಹಸಿವು, ಮೂತ್ರದ ಸೋಂಕು ಇದೆಯೇ ನೋಡಿ. ಶಾಂತಗೊಳಿಸುವ ಮಾನಸಿಕ ಔಷಧಗಳು ಈ ಕಾಯಿಲೆಯ ಹಿರಿಯರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ. ಕೆಲವೊಮ್ಮೆ ಬೇಕಾಗುತ್ತವೆ, ಆಗ ಯಾವುದಕ್ಕಾಗಿ, ಎಷ್ಟು ವಾರ, ಯಾವಾಗ ನಿಲ್ಲಿಸುವುದು ಎಂದು ಬರೆಸಿಕೊಳ್ಳಿ.

ಕಾಗದಪತ್ರ

ಕಾಯಿಲೆ ಗೊತ್ತಾದ ತಿಂಗಳಲ್ಲೇ ಈ ಕೆಲಸ ಮುಗಿಸಿ. ಅಧಿಕಾರ ಪತ್ರ ಅಂದರೆ ಜಿಪಿಎ ಬರೆಸಿದರೆ ಸಾಕು ಎಂಬ ನಂಬಿಕೆ ತಪ್ಪು. ಬರೆದುಕೊಟ್ಟವರ ಬುದ್ಧಿಸ್ವಾಧೀನ ಹೋದರೆ ನಮ್ಮ ಕಾನೂನಿನಲ್ಲಿ ಅದೂ ಬಿದ್ದುಹೋಗುತ್ತದೆ. ತಿಳಿವಳಿಕೆ ಇರುವಾಗಲೇ ವೈದ್ಯರ ಪ್ರಮಾಣಪತ್ರ ಸಮೇತ ವಿಲ್, ಬ್ಯಾಂಕ್ ಖಾತೆ ಜಂಟಿ ಮಾಡಿಸುವುದು, ನಾಮನಿರ್ದೇಶನ ಆಗಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ತಮ್ಮ ಪರವಾಗಿ ತೀರ್ಮಾನಿಸುವವರನ್ನೂ ಅವರೇ ಹೆಸರಿಸಬಹುದು. ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಂಡವರು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಹಾಸನ ಜಿಲ್ಲೆಯಲ್ಲಿ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಚಿಕ್ಕಮಗಳೂರು, ತರೀಕೆರೆಯಲ್ಲಿ ಆ ಕಚೇರಿಗಳಿವೆ.

ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯಲ್ಲಿ ಮೌಲ್ಯಮಾಪನ ಮಾಡಿಸಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯಗಳಿಗೆ ದಾರಿ. ಬಡ ಕುಟುಂಬದ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಇದೆ, ನಾಡಕಚೇರಿಯಲ್ಲಿ ಅರ್ಜಿ. ಆಯುಷ್ಮಾನ್ ಕಾರ್ಡು ಮುಖ್ಯವಾಗಿ ದಾಖಲಾದ ಚಿಕಿತ್ಸೆಗೆ. ತಿಂಗಳ ಮಾತ್ರೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ನೋಡಿಕೊಳ್ಳುವವರು

ಹೆಚ್ಚಿನ ಮನೆಗಳಲ್ಲಿ ಇದು ಸೊಸೆ ಅಥವಾ ಮಗಳ ಪಾಲಿಗೆ ಬರುತ್ತದೆ, ಬೆಂಗಳೂರಿನ ಮಗ ಫೋನಿನಲ್ಲಿ ಸಲಹೆ ಕೊಡುತ್ತಾನೆ. ಫೋನಿನಲ್ಲಿರುವವರಿಗೂ ಖಚಿತ ಕೆಲಸ ಹಂಚಿ: ತಿಂಗಳ ಮಾತ್ರೆಯ ಖರ್ಚು, ತಪಾಸಣೆಯ ದಿನ ಬಂದು ಕರೆದೊಯ್ಯುವುದು, ವರ್ಷಕ್ಕೆ ಎರಡು ಸಲ ಹದಿನೈದು ದಿನ ತಾವೇ ನೋಡಿಕೊಳ್ಳುವುದು. ಹಗಲು ನೋಡಿಕೊಂಡವರು ರಾತ್ರಿಯೂ ಎದ್ದಿರುವ ಪಾಳಿ ಮೂರು ತಿಂಗಳೂ ನಡೆಯುವುದಿಲ್ಲ. ಹಿರಿಯರ ತಪಾಸಣೆಗೆ ಹೋದ ದಿನವೇ ನೋಡಿಕೊಳ್ಳುವವರ ಬಿಪಿ, ಶುಗರ್, ನಿದ್ದೆಯ ಮಾತೂ ಆಗಲಿ. ಕೌಂಟರಿನಲ್ಲಿ ಇನ್ನೊಂದು ಚೀಟಿ ಬರೆಸಿದರಾಯಿತು.